ಲಕೋಟೆ ಒಡೆದು ಓದಿದವಳ ಪಿಂಚಣಿ

ಪಿಂಚಣಿ ಇಲಾಖೆಯ ಮಹಾನಿರ್ದೇಶಕರಿಗೆ, ಪತ್ರಿಕೆಯ ಮೂಲಕ ಒಂದು ಬಹಿರಂಗ ಪತ್ರ.

ಮಾನ್ಯರೇ ಎಂದು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆದಿದ್ದೇನೆ, ಸ್ವೀಕರಿಸಿ. ನಿಮ್ಮ ಇಲಾಖೆಯ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದಕ್ಕೆ ನನಗೆ ತಿಂಗಳಿಗೆ ಎರಡು ಸಾವಿರದ ನೂರು ಕ್ರೋನಾ ಪಿಂಚಣಿ ಖೋತಾ ಆಗಿದೆ. ಅದೇ ಮಾತಿಗೆ ಮೂರು ಕಾಸಿನ ಬೆಲೆ ಕೊಡದ ನನ್ನ ಗಂಡ ಹಾಯಾಗಿದ್ದಾನೆ. ಇದು ಯಾವ ಸೀಮೆಯ ನ್ಯಾಯ? ನನ್ನ ಹೆಸರು ಮೈವೋರ್, ನನಗೀಗ ಅರವತ್ತೇಳು. ಸುಂಡ್ಸ್‌ವಾಲ್‌ನ ಒಂದು ಶಾಲೆಯ ಅಡುಗೆಮನೆಯಲ್ಲಿ ಮೂವತ್ತೆಂಟು ವರ್ಷದಿಂದ ಮಕ್ಕಳಿಗೆ ಆಲೂಗಡ್ಡೆ ಬೇಯಿಸುತ್ತಿದ್ದೇನೆ. ಬಲಭುಜ ಸವೆದಿದೆ, ಇನ್ನು ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿ ಒಂದು ವರ್ಷವಾಯಿತು. ಜೂನ್‌ನಲ್ಲಿ ಶಾಲೆ ಮುಗಿದ ದಿನ ಏಪ್ರನ್ ಕಳಚಿಟ್ಟು ಮನೆಗೆ ಹೋಗಬೇಕು, ಆಮೇಲೆ ನನ್ನ ಸ್ವಂತ ದುಡ್ಡಿನಲ್ಲಿ ಬದುಕಬೇಕು. ನನ್ನ ಆಸೆ ಇಷ್ಟೇ. ಅದಕ್ಕೆ ಕಲ್ಲು ಹಾಕಿದವರು ನೀವು.

ಎರಡು ಸಾವಿರದ ಇಸವಿಯ ಶರತ್ಕಾಲ ನಿಮಗೆ ನೆನಪಿರಲಿಕ್ಕಿಲ್ಲ. ಆಗ ಆ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದರು. ಆದರೆ ಕುರ್ಚಿ ಅದೇ ತಾನೆ? ಪಿಂಚಣಿಗೆಂದು ಹಿಡಿದ ಹಣದಲ್ಲಿ ಒಂದು ಪಾಲನ್ನು ಯಾವ ಫಂಡಿಗೆ ಹಾಕಬೇಕೆಂದು ಪ್ರಜೆಗಳೇ ಆರಿಸಲಿ ಎಂದು ನೀವು ಡಂಗೂರ ಸಾರಿದಿರಿ. ಟಿವಿಯಲ್ಲೂ ಅದೇ, ಬಸ್‌ಸ್ಟಾಪಿನಲ್ಲೂ ಅದೇ. ಆರಿಸದವನು ಸೋಮಾರಿ, ತನ್ನ ಮುಪ್ಪಿನ ಬಗ್ಗೆ ಕಾಳಜಿ ಇಲ್ಲದವನು! ಕಿತ್ತಳೆ ಬಣ್ಣದ ಲಕೋಟೆಯ ಜೊತೆಗೆ ಇಟ್ಟಿಗೆ ಗಾತ್ರದ ಫಂಡುಗಳ ಪಟ್ಟಿಯೂ ಮನೆಮನೆಗೆ ಬಂತು.

ನಮ್ಮ ಜನ ಗೊತ್ತಲ್ಲ ನಿಮಗೆ. ಅಣಬೆ ಗುರುತಿಸಲೂ ಅಧ್ಯಯನ ಕೂಟ, ಇಟಾಲಿಯನ್ ಕಲಿಯಲೂ ಅಧ್ಯಯನ ಕೂಟ. ಪಿಂಚಣಿಗೆ ಬೇಡವೇ? ನಾನೇ ಮುಂದೆ ನಿಂತು ಏಳು ಹೆಂಗಸರನ್ನು ಸೇರಿಸಿದೆ. ಪ್ರತಿ ಬುಧವಾರ ಕೆಲಸ ಮುಗಿದ ಮೇಲೆ ಶಾಲೆಯ ಊಟದ ಕೋಣೆಯಲ್ಲಿ ಕಾಫಿ, ದಾಲ್ಚಿನ್ನಿ ಬನ್ನು ಇಟ್ಟುಕೊಂಡು ಆ ಪಟ್ಟಿಯನ್ನು ಪುಟಪುಟವಾಗಿ ಓದಿದೆವು. ಕೆಂಪು ಪೆನ್ಸಿಲು ಅಪಾಯಕ್ಕೆ, ಹಸಿರು ಪೆನ್ಸಿಲು ಭರವಸೆಗೆ. ಪರೀಕ್ಷೆಗೂ ನಾನು ಹಾಗೆ ಓದಿದವಳಲ್ಲ.

ನನ್ನ ಗಂಡ ಸಿಕ್ಸ್ಟೆನ್ ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದ. ಅವನು ತನ್ನ ಲಕೋಟೆಯನ್ನು ಒಡೆಯದೆಯೇ ಒಲೆಗೆ ಹಾಕಿದ.

"ಒಡೆದಾದ್ರೂ ನೋಡೋ ಮಾರಾಯ!" ಅಂದೆ.

"ನನ್ ಕೈಲಾಗಲ್ಲ ಕಣೇ. ಸರ್ಕಾರಕ್ಕೇ ಗೊತ್ತಾಗ್ದೇ ಇರೋದು ಕ್ರೇನ್ ಓಡ್ಸೋನಿಗೆ ಗೊತ್ತಾಗತ್ತಾ?"

ಆರಿಸದವರ ಹಣವನ್ನು ನೀವು ಸರ್ಕಾರಿ ಫಂಡಿಗೆ ಹಾಕಿದಿರಿ. ಅದು ಇಪ್ಪತ್ತೈದು ವರ್ಷದಲ್ಲಿ ಸೋರೆಬಳ್ಳಿಯ ಹಾಗೆ ಬೆಳೆಯಿತು. ನಾನು ಹಸಿರು ಗೆರೆ ಎಳೆದ ಫಂಡುಗಳು ಕುಂಟುತ್ತಿದ್ದವು. ಹನ್ನೆರಡು ವರ್ಷದ ಹಿಂದೆ ಒಬ್ಬ ಮಾತಿನ ಮಲ್ಲ ಸರಿಯಾಗಿ ಊಟದ ಹೊತ್ತಿಗೆ ಫೋನ್ ಮಾಡಿ, ನಮ್ಮ ಕಂಪನಿಯ ಫಂಡಿಗೆ ಬದಲಾಯಿಸಿ ಎಂದು ದುಂಬಾಲು ಬಿದ್ದ. ನಾನೇನು ಕುರಿಯೇ? ನಿಮ್ಮ ಪಟ್ಟಿಯಲ್ಲಿ ಹುಡುಕಿದೆ. ಇತ್ತು! ನಿಮ್ಮ ಮುದ್ರೆಯ ಕೆಳಗೇ ಇತ್ತು! ನಂಬಿ ಬದಲಾಯಿಸಿದೆ; ಕೂಟದ ಗೆಳತಿಯರಿಗೂ ಹೇಳಿದೆ. ನಾಲ್ಕು ವರ್ಷಕ್ಕೆ ಆ ಕಂಪನಿಯವರು ನಮ್ಮ ಹಣದ ಬಹುಪಾಲನ್ನು ನುಂಗಿ ನೀರು ಕುಡಿದು ದೇಶ ಬಿಟ್ಟರು. ಆಮೇಲೆ ನೀವು ಅವರ ಹೆಸರನ್ನು ಪಟ್ಟಿಯಿಂದ ತೆಗೆದಿರಿ. ಎಂಥ ಚುರುಕು, ಸ್ವಾಮಿ!

ಕಳೆದ ತಿಂಗಳು ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಮಾತಾಡಿದ ಹುಡುಗಿಯ ದನಿ ಒಳ್ಳೆಯದಿತ್ತು, ಅವಳ ಮೇಲೆ ನನಗೆ ಕೋಪವಿಲ್ಲ.

"ಅಲ್ಲಮ್ಮ, ನಾನು ಏನೂ ಆರಿಸ್ದೇ ಸುಮ್ನೆ ಕೂತಿದ್ರೆ ಎಷ್ಟು ಬರ್ತಿತ್ತು?" ಎಂದು ಕೇಳಿದೆ.

ಅವಳು ಲೆಕ್ಕ ಹಾಕಿದಳು. "ತಿಂಗ್ಳಿಗೆ ಎರಡು ಸಾವಿರದ ನೂರು ಜಾಸ್ತಿ ಬರ್ತಿತ್ತು, ಮೈವೋರ್."

"ಹಾಗಾದ್ರೆ ನಂದೇನು ತಪ್ಪು?"

"ತಪ್ಪೇನಿಲ್ಲ. ನೀವು ಸಕ್ರಿಯ ಉಳಿತಾಯದಾರರು ಅಂತ ಇಲ್ಲಿ ಬರ್ದಿದೆ. ಆಯ್ಕೆಗೆ ನೀವೇ ಹೊಣೆ ಅಂತ ನಿಯಮ ಇದೆ."

ಸಕ್ರಿಯ ಉಳಿತಾಯದಾರಳು! ಪದವಿ ಪ್ರದಾನವೇ ಇದು? ಗೋಡೆಗೆ ತೂಗುಹಾಕಲೇ? ವಿಷವಿದ್ದ ಬಾಟಲಿಯನ್ನು ಔಷಧದ ಕಪಾಟಿನಲ್ಲಿಟ್ಟವನು ಕುಡಿದವಳನ್ನು ಹೊಣೆ ಮಾಡಬಹುದೇ? ಪಟ್ಟಿ ಪರೀಕ್ಷಿಸಲು ನಿಮಗೆ ವಕೀಲರಿದ್ದರು, ಲೆಕ್ಕಿಗರಿದ್ದರು, ಸಂಬಳವಿತ್ತು. ನನಗೆ ಎರಡು ಪೆನ್ಸಿಲು ಇದ್ದವು. ನನ್ನ ಮಾತು ನಂಬಿ ಹಣ ಕಳೆದುಕೊಂಡ ಯೋರ್ಡಿಸ್ ಈಗ ಅಂಗಡಿಯಲ್ಲಿ ಎದುರಾದರೆ ಬ್ರೆಡ್ಡಿನ ಸಾಲಿನ ಕಡೆ ತಿರುಗಿಬಿಡುತ್ತಾಳೆ. ಮೂವತ್ತು ವರ್ಷದ ಗೆಳತಿ ಅವಳು. ಅದಕ್ಕೂ ನಾನೇ ಹೊಣೆಯೇ?

ಆವತ್ತು ಫೋನ್ ಇಟ್ಟ ಮೇಲೆ ಸಿಕ್ಸ್ಟೆನ್ ನನ್ನ ಮುಖ ನೋಡಿದ. ಒಳ್ಳೆಯ ಮನುಷ್ಯ, ಕೆಡುಕು ಗೊತ್ತಿಲ್ಲ. "ಬಿಡೇ, ಯಾಕೆ ತಲೆ ಕೆಡಿಸ್ಕೋತೀಯ? ಕೆಲ್ಸ ಬಿಟ್ಬಿಡು. ನಂದು ಇಬ್ರಿಗೂ ಸಾಕು. ಬೇಕಾದಾಗ ಕೇಳು, ಕೊಡ್ತೀನಿ," ಅಂದ. ಅವನಿಗೆ ಗೊತ್ತಿಲ್ಲದೆಯೇ ನನ್ನ ಹೊಟ್ಟೆಗೆ ಚೂರಿ ಹಾಕಿದ. ಬೇಕಾದಾಗ ಕೇಳು ಎಂಬ ಮಾತನ್ನು ನನ್ನಮ್ಮ ಬದುಕಿಡೀ ಕೇಳಿದಳು. ಕಾಲುಚೀಲಕ್ಕೆ ಕೇಳಬೇಕು, ತಂಗಿಯ ಮನೆಗೆ ಹೋಗುವ ಬಸ್ಸಿನ ಚೀಟಿಗೆ ಕೇಳಬೇಕು. ಅಪ್ಪ ಯಾವತ್ತೂ ಇಲ್ಲ ಎನ್ನಲಿಲ್ಲ. ಆದರೆ ಅವಳು ಕೇಳುವಾಗ ತಲೆ ತಗ್ಗಿಸುತ್ತಿದ್ದಳು. ಅದನ್ನು ನೋಡಿಯೇ ನಾನು ಹತ್ತೊಂಬತ್ತಕ್ಕೆ ಮೊದಲ ಕೆಲಸಕ್ಕೆ ಸೇರಿದ್ದು. ನಲವತ್ತು ವರ್ಷದ ಸಂಸಾರದಲ್ಲಿ ಗಂಡನ ಮುಂದೆ ಒಂದು ಸಲವೂ ಕೈಯೊಡ್ಡಿಲ್ಲ. ಬಾಡಿಗೆಯಲ್ಲಿ ಅರ್ಧ ನನ್ನದು, ಕಾರಿನಲ್ಲಿ ಅರ್ಧ ನನ್ನದು. ಈಗ ಒಡ್ಡು ಎನ್ನುತ್ತೀರಾ?

ನನ್ನ ಬೇಡಿಕೆ ಸರಳ. ನಿಮ್ಮ ಪಟ್ಟಿಯನ್ನು ನಂಬಿ ಮೋಸಹೋದ ಪ್ರತಿಯೊಬ್ಬರಿಗೂ, ಏನೂ ಆರಿಸದವರಿಗೆ ಸಿಕ್ಕಿದಷ್ಟೇ ಪಿಂಚಣಿ ಕೊಡಿ. ಭಿಕ್ಷೆ ಬೇಡ, ಪರಿಹಾರ ನಿಧಿಯ ಹಾರ ತುರಾಯಿ ಬೇಡ. ನಮ್ಮ ಸಂಬಳದಿಂದ ಹಿಡಿದದ್ದು, ನಮಗೆ ಬರಬೇಕಾದ್ದು. ಉತ್ತರವನ್ನು ಜೂನ್ ಐದರೊಳಗೆ ಕೊಡಿ, ಇದೇ ಪತ್ರಿಕೆಯಲ್ಲಿ ಕೊಡಿ, ನಿಮ್ಮ ಸಹಿಯೊಂದಿಗೆ ಕೊಡಿ. "ವಿಷಯ ಪರಿಶೀಲನೆಯಲ್ಲಿದೆ" ಎಂಬ ಅಚ್ಚುಹಾಕಿದ ಕಾಗದ ಬಂದರೆ ನೇರ ವಾಪಸು ಕಳಿಸುತ್ತೇನೆ.

ನೀವು ಕೊಡುವುದಿಲ್ಲ ಎಂದು ನನಗೆ ಗೊತ್ತಿದೆ. ಆಗಸ್ಟ್‌ಗೆ ಶಾಲೆ ಶುರುವಾದಾಗ ಮತ್ತೆ ಬರುತ್ತೀರಾ ಎಂದು ನಮ್ಮ ಮುಖ್ಯೋಪಾಧ್ಯಾಯಿನಿ ವಾರದಿಂದ ಕೇಳುತ್ತಿದ್ದರು. ನಿನ್ನೆ ಹೋಗಿ, ಇನ್ನೊಂದು ವರ್ಷ ಬರುತ್ತೇನೆ ಎಂದು ರುಜು ಹಾಕಿದೆ. ಅವರು ಖುಷಿಯಿಂದ ತಬ್ಬಿಕೊಂಡರು. ನಾನು ಹಾಲಿನ ಕ್ರೇಟುಗಳಿಡುವ ತಣ್ಣನೆ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು ಅತ್ತೆ. ಸಿಕ್ಸ್ಟೆನ್‌ಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ. ನಾಳೆ ಬೆಳಿಗ್ಗೆ ಕಾಫಿ ಕುಡಿಯುತ್ತಾ ಅವನು ಇದನ್ನು ಈ ಪತ್ರಿಕೆಯಲ್ಲೇ ಓದುತ್ತಾನೆ.

ಇಂತಿ, ನಿಮ್ಮ ಮಾತು ಕೇಳಿ ಕೆಟ್ಟವಳು,
ಮೈವೋರ್ ಸ್ಟೆನ್‌ಲುಂಡ್
ಶಾಲಾ ಅಡುಗೆಯವಳು, ಮುಂದಿನ ವರ್ಷದ ಜೂನ್‌ವರೆಗೂ