ಪಿಟೀಲಿಗೆ ಇಟ್ಟ ವಿಭೂತಿ

ನಂಜನಗೂಡು
18-11-2024, ಸೋಮವಾರ

ಚಿರಂಜೀವಿ ಶ್ವೇತಳಿಗೆ ನಿನ್ನ ಅತ್ತೆ ದೇವೀರಮ್ಮ ಮಾಡುವ ಆಶೀರ್ವಾದಗಳು.

ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಮಾವನ ಮಂಡಿನೋವು, ಅದರ ಜೊತೆಗಿನ ಗೊಣಗಾಟ, ಎರಡೂ ಇದ್ದ ಹಾಗೇ ಇವೆ. ದೀಪಾವಳಿಗೆ ಮೊದಲೇ ಬರೆಯಬೇಕೆಂದಿದ್ದೆ, ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ದಿನಾ ಫೋನಿದೆಯಲ್ಲ, ಕಾಗದ ಯಾಕೆ ಅಂತೀಯೇನೋ. ಫೋನಿನಲ್ಲಿ ನೀನು ಊಟ ಆಯ್ತಾ ಅಂತೀಯ, ಆಯ್ತು, ನಿಂದು ಅಂತ ನಾನು ಕೇಳುತ್ತೇನೆ, ಅಲ್ಲಿಗೆ ಇಬ್ಬರ ಬಾಯಿಯೂ ಕಟ್ಟಿಹೋಗುತ್ತದೆ. ನಿಮ್ಮಣ್ಣ ಸೋಮಶೇಖರ್ ಬಂದಿದ್ದ. ಚಿಕ್ಕಯ್ಯನಛತ್ರದ ಮೇಷ್ಟ್ರು ಮಹಾದೇವಸ್ವಾಮಿ ನಿನ್ನನ್ನು ಮದುವೆಗೆ ಕೇಳಿರುವುದನ್ನೂ, ನೀನು ಹೂಂ ಅನ್ನದೆ ಕೂತಿರುವುದನ್ನೂ ಹೇಳಿದ. ಅದನ್ನು ಮಾತಾಡಲೆಂದೇ ಈ ಕಾಗದ. ಆದರೆ ನೇರವಾಗಿ ಅಲ್ಲಿಗೆ ಹೋಗಲು ನನಗೂ ಧೈರ್ಯ ಸಾಲದು, ಮೊದಲು ಮನೆಯ ಸುದ್ದಿ ಕೇಳು.

ನಿನ್ನ ಪಿಟೀಲನ್ನು ನಾನು ಕಲಿಯುತ್ತಿದ್ದೇನೆ. ನಗಬೇಡ. ನಮ್ಮ ಮದನ್ ತೀರಿಕೊಂಡ ಮೇಲೆ ನೀನದನ್ನು ಮುಟ್ಟಲಿಲ್ಲ. ನರಸೀಪುರದ ಸ್ಕೂಲಿನಲ್ಲಿ ಕೆಲಸ ಸಿಕ್ಕಿ ಅಣ್ಣನ ಮನೆಗೆ ಹೊರಟಾಗಲೂ "ಇಲ್ಲೇ ಇರ್ಲಿ ಅತ್ತೆ" ಎಂದು ಬಿಟ್ಟುಹೋದೆ. ಬೀರುವಿನ ಮೇಲೆ ಧೂಳು ತಿನ್ನುತ್ತಾ ಕೂತಿತ್ತು. ಇಲಿ ಹೊಕ್ಕೀತೆಂದು ತೆಗೆದು ಒರೆಸುವಾಗ ತಂತಿ ಸದ್ದು ಮಾಡಿತು. ಅಲ್ಲಿಂದ ಹಿಡಿಯಿತು ನೋಡು ಹುಚ್ಚು.

ಪಕ್ಕದ ಬೀದಿಯ ಹೇಮಲತಾ ಮಿಸ್ಸು, ಸಂಗೀತದ ಮೇಡಂ ಆಗಿ ರಿಟೈರ್ ಆದವರು, ಹೇಳಿಕೊಡಲು ಒಪ್ಪಿದರು. ಚಕ್ಕಳಮಕ್ಕಳ ಹಾಕಿ ಕೂತು ಪಿಟೀಲಿನ ತಲೆಯನ್ನು ಬಲಪಾದದ ಮೇಲೆ ಊರುವುದೇ ಒಂದು ಸರ್ಕಸ್ಸು. 'ಸ' ಅಂದರೆ ಖಾಲಿ ತಂತಿ, ಬೆರಳೇ ಬೇಡ. 'ರಿ'ಗೆ ತೋರುಬೆರಳು, 'ಗ'ಕ್ಕೆ ನಡುಬೆರಳು, 'ಮ'ಕ್ಕೆ ಉಂಗುರದ ಬೆರಳು. ಇಷ್ಟೇ ತಾನೇ ಅಂದುಕೊಂಡೆ. ಆದರೆ ನನ್ನದು ಬದನವಾಳಿನ ಖಾದಿ ಕೇಂದ್ರದಲ್ಲಿ ಇಷ್ಟು ವರ್ಷ ನೂಲು ತೆಗೆದ ಕೈ, ತಂತಿಯನ್ನೂ ಚಿವುಟಿ ಹಿಡಿದುಕೊಳ್ಳಲು ಹೋಗುತ್ತದೆ. "ಹಿಡ್ಕೊಬ್ಯಾಡಿ ಕಣ್ರೀ, ನೂಲಾ ಇದು? ಮ್ಯಾಲಿಂದ ಒತ್ತಿ ಸಾಕು" ಎಂದು ಮಿಸ್ಸು ಬೈದದ್ದೇ ಬೈದದ್ದು.

ಬೆರಳಿಡುವ ಆ ಕಪ್ಪು ಪಟ್ಟಿಯ ಮೇಲೆ ಯಾವ ಸ್ವರ ಎಲ್ಲಿ ಎಂಬ ಗುರುತೇ ಇಲ್ಲವಲ್ಲ. ಅವರು ತೋರಿಸಿದ ಜಾಗ ಮನೆಗೆ ಬರುವಷ್ಟರಲ್ಲಿ ಮರೆತುಹೋಗುತ್ತಿತ್ತು. ಅದಕ್ಕೆ ನಾನೊಂದು ಉಪಾಯ ಮಾಡಿದೆ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಇಟ್ಟುಕೊಂಡ ಕೈಯಲ್ಲೇ ಪಿಟೀಲಿಗೂ ಮೂರು ಗೆರೆ ಎಳೆದೆ, 'ರಿ'ಗೊಂದು, 'ಗ'ಕ್ಕೊಂದು, 'ಮ'ಕ್ಕೊಂದು. ಕಪ್ಪಿನ ಮೇಲೆ ಬಿಳಿ, ಲಕ್ಷಣವಾಗಿತ್ತು. ನುಡಿಸಿದರೆ ಮಾತ್ರ ಕೇಳಲಾಗದು. ಬಾರಿಸುತ್ತಾ ಬಾರಿಸುತ್ತಾ ವಿಭೂತಿ ಅಳಿಸಿಹೋಗುತ್ತಿತ್ತು, ಮಾರನೆಯ ದಿನ ಮತ್ತೆ ಎಳೆಯುತ್ತಿದ್ದೆ. "ಏನಮ್ಮಿ, ಶ್ವೇತಂದು ಇಂಗೆ ಕೇಳ್ತಿರ್ನಿಲ್ವಲ್ಲ" ಎಂದರು ನಿನ್ನ ಮಾವ.

ಒಂದು ದಿನ ಗೆರೆ ಅಳಿಸದೆ ಹಾಗೇ ಮಿಸ್ಸಿನ ಮನೆಗೆ ಒಯ್ದುಬಿಟ್ಟೆ. ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ದೇವೀರಮ್ಮಾರೇ, ಪಿಟೀಲ್ಗೂ ದೀಕ್ಷೆ ಕೊಡಿಸ್ಬುಟ್ರಾ?" ಹಣೆಗೆ ಎಳೆದು ರೂಢಿಯಾದ ಕೈ ನೋಡು, ಮೂರು ಗೆರೆಯನ್ನೂ ಸಮಸಮ ಎಳೆದಿತ್ತು. ಸ್ವರಗಳು ಹಾಗೆ ಸಮನಾಗಿ ಕೂರುವುದಿಲ್ಲವಂತೆ. ನಾನು ಕಲಿಯುವ ರಾಗದಲ್ಲಿ 'ರಿ' ತಂತಿಯ ಬುಡದಲ್ಲೇ ಇರಬೇಕು, 'ಗ' ದೂರ, 'ಮ' ಅದಕ್ಕೆ ಅಂಟಿಕೊಂಡು. ಒದ್ದೆ ಬಟ್ಟೆಯಲ್ಲಿ ಅಷ್ಟನ್ನೂ ಒರೆಸಿ ಹೇಳಿದರು, "ಗುರುತು ಅಳಿಸೋಗ್ಲಿ ಬುಡಿ, ಸ್ವರ ಎಲ್ಲೂ ಓಗಾಕಿಲ್ಲ. ಬೆರಳು ತಪ್ಪು ಜಾಗಕ್ಕೆ ಬಿತ್ತು ಅಂದ್ರೆ ಕಿವಿಗೆ ಗೊತ್ತಾಯ್ತದೆ, ಆಗ ಚೂರು ಜರುಗ್ಸಿ."

ಅವತ್ತಿನಿಂದ ಕಣ್ಣು ಮುಚ್ಚಿ ನುಡಿಸುತ್ತೇನೆ. ಮೊನ್ನೆ ಸ ರಿ ಗ ಮ ನಾಲ್ಕೂ ನೆಟ್ಟಗೆ ಬಂದವು. ನಿನ್ನ ಮಾವ ಹೊಗಳಲಿಲ್ಲ, ಆದರೆ ತಾವೇ ಎದ್ದು ಕಾಫಿ ಮಾಡಿ ತಂದರು. ನನಗೆಷ್ಟು ಖುಷಿಯಾಯಿತು ಗೊತ್ತಾ.

ಈಗ ಸೋಮಶೇಖರನ ಮಾತು. ಬಂದವನು ಮಳೆ ಬೆಳೆ ಎಲ್ಲ ಮಾತಾಡಿ, ಕೊನೆಗೆ ನೆಲ ನೋಡುತ್ತಾ ಅಂದ, "ಶ್ವೇತಂಗೆ ಮೇಷ್ಟ್ರು ಇಷ್ಟಾನೇ ಅತ್ತೆ. ಆದ್ರೆ ಅತ್ತೆ ಮಾವನ್ಗೆ ಎಂಗೆ ಮುಖ ತೋರ್ಸ್ಲಿ ಅಂತಾಳೆ." ನನಗಿಂತ ಮೊದಲು ನಿನ್ನ ಮಾವ ಬಾಯಿಬಿಟ್ಟರು. "ಮುಖ ತೋರ್ಸಾಕೇನ್ಲಾ? ಅವ್ರನ್ನೂ ಕರ್ಕಂಡು ಊಟಕ್ಕೆ ಬರಾಕೇಳು." ಹಾಗೆಂದವರೇ ಹಿತ್ತಲಿಗೆ ಎದ್ದುಹೋದರು. ಕಣ್ಣು ಕೆಂಪಾಗಿಸಿಕೊಂಡು ಬಂದರು, ನಾನು ನೋಡಿಯೂ ನೋಡದ ಹಾಗಿದ್ದೆ.

ನನ್ನ ಮಾತೂ ಅದೇ ಮಗಳೇ. ನಿನಗಿನ್ನೂ ಬದುಕಿದೆ. ನಮ್ಮನ್ನು ನೆಪ ಮಾಡಿಕೊಂಡು ಅದನ್ನು ಮೂಲೆಗಿಡಬೇಡ. ನೀನು ಅತ್ತರೆ ಮದನ್ ತಡೆದುಕೊಳ್ಳುತ್ತಿರಲಿಲ್ಲ, ಅದು ನಿನಗೂ ಗೊತ್ತು. ಹೂಂ ಅಂದುಬಿಡು. ಈ ಭಾನುವಾರ ಮೇಷ್ಟ್ರನ್ನು ಕರೆದುಕೊಂಡು ಬಾ. ಹೋಗುವಾಗ ಪಿಟೀಲನ್ನೂ ಒಯ್ಯು, ನನಗೆ ಮಿಸ್ಸು ತಮ್ಮ ಹಳೆಯದೊಂದನ್ನು ಕೊಡುತ್ತಾರಂತೆ.

ನಂಜುಂಡೇಶ್ವರ ನಿನ್ನ ಮಡಿಲು ತುಂಬಲಿ, ಮನೆ ತುಂಬಲಿ. 'ಸೌಭಾಗ್ಯವತಿ' ಎಂದು ಸೇರಿಸದೆ ನಿನ್ನ ಹೆಸರು ಬರೆಯುವಾಗ ಕೈ ನಿಂತುಹೋಗುತ್ತದೆ. ಅದನ್ನು ಸೇರಿಸಿ ಬರೆಯುವ ದಿನ ಬೇಗ ಬರಲಿ.

ಇಂತಿ ನಿನ್ನ ಅತ್ತೆ,
ದೇವೀರಮ್ಮ

ತಾ.ಕ.: ಕವರು ಅಂಟಿಸಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಮದನ್ ಒಬ್ಬನೇ ಮಗ. ಅವನು ಹೋದ ಮೇಲೆ ನನ್ನನ್ನು ಅವ್ವ ಎಂದು ಕರೆಯುವವರಿಲ್ಲ. ನೀನು ಅತ್ತೆ ಅನ್ನುತ್ತಿದ್ದೆ, ಅಷ್ಟರಲ್ಲೇ ಸಮಾಧಾನ ಮಾಡಿಕೊಂಡಿದ್ದೆ. ಇನ್ನು ನಿನಗೆ ಬೇರೆ ಅತ್ತೆ ಬರುತ್ತಾರೆ. ಬರಲಿ, ಆ ಕರೆ ಅವರಿಗೇ ಸಲ್ಲಬೇಕು. ನನ್ನನ್ನು ಏನೆಂದು ಕರೆಯುವುದೆಂದು ತಡವರಿಸಿ, ಕೊನೆಗೆ ಕರೆಯುವುದನ್ನೇ ಬಿಟ್ಟುಬಿಡುತ್ತೀಯೇನೋ ಎಂಬುದೊಂದೇ ನನ್ನ ಭಯ. ಭಾನುವಾರ ಬಾಗಿಲಲ್ಲಿ ನಿಂತು ಅವ್ವ ಅನ್ನು. ನಾನು ಒಳಗಿಂದ ಓ ಅನ್ನುತ್ತೇನೆ.