ನಿಲ್ಲಿಸಿ ನೋಡಿದ ಕಾಲು

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಣ್ಣನಿಗೆ,

‘ನಿಂತು ನಿಂತು ಕಾಲು ಹಾಗಾಗಿದೆ, ಅಷ್ಟೇ’ ಎಂದು ನೀನು ಅಂದದ್ದು ಫೋನಿನಲ್ಲೋ, ಕಳೆದ ಸಲ ಬಂದಾಗಲೋ, ನೆನಪಿಲ್ಲ. ಆ ಮಾತನ್ನು ಮಾತ್ರ ಎರಡು ತಿಂಗಳಿಂದ ಕಾಲಿನ ಜೊತೆಗೇ ಆಸ್ಪತ್ರೆಗೆ ಹೊತ್ತು ತಿರುಗಿದ್ದೇನೆ. ನಿನ್ನ ಕಾಗದಕ್ಕೆ ಉತ್ತರ ತಡವಾದದ್ದು ಅದಕ್ಕೇ, ಬೇಜಾರು ಮಾಡಿಕೊಳ್ಳಬೇಡ. ಎತ್ತರದ ಸ್ಟೂಲಿನ ಮೇಲೆ ಕೂತು ಕಟಿಂಗ್ ಮಾಡು ಎಂದು ಬರೆದಿದ್ದೆಯಲ್ಲ, ಮಾಡಿ ನೋಡಿದೆ. ಖಾಯಂ ಗಿರಾಕಿ ಮೇಷ್ಟರು ಕನ್ನಡಿಯಲ್ಲಿ ನನ್ನನ್ನು ನೋಡಿ, “ಏನಪ್ಪಾ, ತಲೆ ನನ್ನದು, ಆರಾಮ ನಿನ್ನದಾ?” ಎಂದರು. ಸ್ಟೂಲಿನ ಮೇಲೆ ಈಗ ಟವೆಲ್ ಇಡುತ್ತೇನೆ.

ಮೂರು ವರ್ಷದ ಹಿಂದೆ ಮೊದಲ ಡಾಕ್ಟರು ಎಡಗಾಲನ್ನು ಬರೀ ಕಣ್ಣಲ್ಲಿ ನೋಡಿ, “ನಿಂತು ಮಾಡೋ ಕೆಲಸ ತಾನೆ?” ಎಂದು ಕೇಳಿ ಉಬ್ಬಿದ ರಕ್ತನಾಳಗಳನ್ನು ಲೇಸರಿನಿಂದ ಮುಚ್ಚಿದ್ದು ನಿನಗೆ ಗೊತ್ತು. ವರ್ಷದೊಳಗೆ ಮತ್ತೆ ಉಬ್ಬಿದವು, ಈ ಸಲ ತೊಡೆಯವರೆಗೆ. ಈಗ ಕಣಕಾಲಿನ ಪಕ್ಕ ನಾಣ್ಯದಗಲ ಹುಣ್ಣು. ಮಾಯುವುದಿಲ್ಲ ಎಂದು ಹಟ ಹಿಡಿದಿದೆ.

ಹೊಸ ಡಾಕ್ಟರಮ್ಮ ನಾಳದ ಸ್ಕ್ಯಾನ್ ಬರೆದುಕೊಟ್ಟರು. ನಾನು ಏನು ಮಾಡಿದೆ ಗೊತ್ತೇ? ಹಿಂದಿನ ಸಂಜೆ ಕಾಲನ್ನು ಹೊಸ ಬ್ಲೇಡಿನಲ್ಲಿ ಶೇವ್ ಮಾಡಿದೆ. ಬೆಳಿಗ್ಗೆ ಬಿಗಿಯಾಗಿ ಪಟ್ಟಿ ಸುತ್ತಿ, ಹೊರಡುವವರೆಗೂ ದಿಂಬಿನ ಮೇಲೆ ಎತ್ತಿಟ್ಟುಕೊಂಡೆ. ನೋಡುವವರ ಮುಂದೆ ಕಾಲು ಲಕ್ಷಣವಾಗಿರಲಿ ಎಂದು. ಗಿರಾಕಿ ಕೂರುವ ಮೊದಲು ಕುರ್ಚಿ ಒರೆಸುವ ಕೈ, ಸುಮ್ಮನಿರುವುದಿಲ್ಲ. ಅಲ್ಲಿಯೂ ಮಲಗಿಸಿ ಹತ್ತು ನಿಮಿಷ ನೋಡಿ, ದೋಷವಿಲ್ಲ ಎಂದು ಬರೆದರು.

ಡಾಕ್ಟರಮ್ಮ ಆ ಹಾಳೆಯನ್ನು ಮೇಜಿನ ಆಚೆಗೆ ತಳ್ಳಿದರು. “ಮಲಗಿಸಿದ್ರೆ ರಕ್ತ ಯಾಕ್ರೀ ಕೆಳಗೆ ಜಾರುತ್ತೆ? ಅವರೂ ಸರಿ, ನೀವೂ ಸರಿ. ಕಾಯಿಲೇನ ಮನೇಲಿ ಬಿಟ್ಟು ಸ್ಕ್ಯಾನಿಗೆ ಹೋಗಿದ್ದೀರಿ.”

ಎರಡನೇ ಸಲ ಹೋದಾಗ ಚೀಟಿಯಲ್ಲಿ ಬಲಗಾಲು ಎಂದಿತ್ತು. ಹುಣ್ಣು ತೋರಿಸಿದೆ. “ಚೀಟಿ ತಿದ್ದಿಸ್ಕೊಂಡು ಬನ್ನಿ, ಕಾಲು ನಮಗೂ ಕಾಣ್ಸುತ್ತೆ” ಎಂದರು. ತಿದ್ದಿಸಿಕೊಂಡು ಬರುವಷ್ಟರಲ್ಲಿ ಸ್ಕ್ಯಾನಿನವರು ಮನೆಗೆ ಹೋಗಿದ್ದರು. ಜೊತೆಗೆ ಬಂದಿದ್ದ ನನ್ನವಳು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ತನ್ನ ಪರ್ಸಿನಲ್ಲಿ ಇಟ್ಟುಕೊಂಡಳು. ಬೈದಿದ್ದರೆ ಹಗುರಾಗುತ್ತಿತ್ತು.

ಕಳೆದ ವಾರ ಮೂರನೇ ಸಲ. ಅವತ್ತು ಸ್ಕ್ಯಾನಿಗೆ ಇದ್ದವಳು ಚಿಕ್ಕ ವಯಸ್ಸಿನ ಹೆಂಗಸು. “ಯಾರ್ರೀ ಇಷ್ಟು ನೀಟಾಗಿ ಶೇವ್ ಮಾಡಿದ್ದು?” ಎಂದಳು. ನಾನೇ, ಕೆಲಸವೇ ಅದು ಎಂದೆ. “ಶೇವಿಂಗ್ ಬೇಕಿರ್ಲಿಲ್ಲ. ನಿಂತ್ಕೊಳ್ಳಿ, ಭಾರ ಬಲಗಾಲಿನ ಮೇಲೆ ಬಿಡಿ” ಎಂದು ತಾನು ನೆಲಕ್ಕೆ ಸಮನಾದ ಮಣೆಯ ಮೇಲೆ ಕೂತಳು. ಮೂವತ್ತು ವರ್ಷ ನಿಂತಿದ್ದು ನಾನೇ, ಕೂತವರು ಬೇರೆಯವರು. ಇವತ್ತೂ ಹಾಗೇ.

ಮೀನಖಂಡ ಹಿಂಡಿ ಬಿಟ್ಟಾಗ ಪರದೆಯ ಮೇಲೆ ನೀಲಿ ಮೇಲಕ್ಕೇರಿ, ತಕ್ಷಣ ಕೆಂಪಾಗಿ ಕೆಳಗೆ ಸುರಿಯಿತು. ಸೋರುತ್ತಿದೆ ಎಂದಳು. ಆಮೇಲೆ ತೊಡೆಯ ಒಳಗಿನ ದೊಡ್ಡ ನಾಳದ ಮೇಲೆ ಒತ್ತಿದಳು. ಒತ್ತುತ್ತಲೇ ಇದ್ದಳು. “ಒಳ್ಳೆ ನಾಳ ಆದ್ರೆ ಒತ್ತಿದ್ರೆ ಚಪ್ಪಟೆ ಆಗ್ಬೇಕು. ಇದು ಆಗ್ತಿಲ್ಲ.”

ಚಿತ್ರ ನೋಡಿ ಡಾಕ್ಟರಮ್ಮ ಬಿಡಿಸಿ ಹೇಳಿದರು. ಒಳಗಿನ ನಾಳದಲ್ಲಿ ಎಂದೋ ರಕ್ತ ಹೆಪ್ಪುಗಟ್ಟಿ ಗಾಯವಾಗಿ ಒಣಗಿದೆಯಂತೆ. ದಾರಿ ಇಲ್ಲದೆ ರಕ್ತ ಚರ್ಮದಡಿಯ ನಾಳಗಳ ದಾರಿ ಹಿಡಿದಿತ್ತಂತೆ. ಮೂರು ವರ್ಷದ ಹಿಂದೆ ಮುಚ್ಚಿಸಿದ್ದು ಆ ದಾರಿಯನ್ನೇ. “ನಿಂತಿದ್ದು ಕಾರಣ ಅಲ್ಲ. ಇದು ಹಳೇದು. ಯಾವಾಗ್ಲಾದ್ರೂ ಈ ಒಂದೇ ಕಾಲು ಊದಿತ್ತಾ? ಬೆರಳು ನೀಲಿಗಟ್ಟಿತ್ತಾ?”

ಹತ್ತೊಂಬತ್ತನೇ ವಯಸ್ಸಿನಲ್ಲಿ ಬೈಕಿನಿಂದ ಬಿದ್ದು ಮೂಳೆ ಮುರಿದು, ತೊಡೆಯವರೆಗೆ ಪ್ಲಾಸ್ಟರ್ ಹಾಕಿದ್ದರು ಎಂದೆ. ಒಳಗೆ ಕಾಲು ಬಿಗಿಯುತ್ತಿತ್ತು ಎಂದೂ ಹೇಳಿದೆ.

“ಯಾರಿಗೂ ಹೇಳ್ಲಿಲ್ವಾ?”

“ಅಣ್ಣನಿಗೆ ಹೇಳಿದ್ದೆ” ಎಂದೆ. ಅವರು ಬರೆದುಕೊಂಡರು.

ಒಳಗಿನ ನಾಳ ತೆರೆಯಲು ಆಗುತ್ತದೋ ಇಲ್ಲವೋ ಇನ್ನೊಂದು ಚಿತ್ರ ತೆಗೆದು ಹೇಳುತ್ತಾರಂತೆ. ಹುಣ್ಣು ಮಾಯುವವರೆಗೆ ನಿಲ್ಲುವ ಹಾಗಿಲ್ಲ. ಅಂಗಡಿಯ ಬಾಗಿಲು ಹಾಕಿ ಆರು ದಿನವಾಯಿತು.

ಅತ್ತಿಗೆಗೆ ನಮಸ್ಕಾರ. ಮಗಳ ಪರೀಕ್ಷೆ ಚೆನ್ನಾಗಿ ಆಗಲಿ, ಚಿಕ್ಕಪ್ಪನ ಆಶೀರ್ವಾದ ಇದೆ ಎಂದು ಹೇಳು.

ನಿನ್ನ ತಮ್ಮ

ಮತ್ತೆ ನೆನಪಾಗಿ ಬರೆಯುತ್ತಿದ್ದೇನೆ: ಬೈಕು ಓಡಿಸುತ್ತಿದ್ದವನು ನೀನು. ಓಡಿಸಿದ್ದು ನಾನು ಎಂದು ಎಲ್ಲರಿಗೂ ಹೇಳಿದ್ದು ನಾನೇ, ನೀನು ಬಾಯಿಬಿಟ್ಟು ಕೇಳಿರಲಿಲ್ಲ. ಬಿಗಿಯುತ್ತದೆ ಎಂದು ನಾನು ಹೇಳಿದಾಗ ನೀನು “ಎರಡು ದಿನ ತಡ್ಕೋ, ಮತ್ತೆ ಆಸ್ಪತ್ರೆಗೆ ಹೋದ್ರೆ ಮತ್ತೆ ಎಲ್ಲಾ ಕೇಳ್ತಾರೆ” ಎಂದೆ. ಎರಡು ದಿನ ಹತ್ತಾಯಿತು. ‘ಗಾಡಿ ನೆಟ್ಟಗೆ ಹಿಡಿಯೋಕೆ ಬಾರದವನ ಕೈಗೆ ಕತ್ತಿ ಹೇಗೆ ಕೊಡ್ಲಿ’ ಎಂದು ಅಪ್ಪ ನಾಲ್ಕು ವರ್ಷ ನನ್ನನ್ನು ಗಿರಾಕಿಯ ಗಲ್ಲ ಮುಟ್ಟಗೊಡಲಿಲ್ಲ. ತೀರಿಕೊಳ್ಳುವವರೆಗೂ ಹಾಗೇ ನಂಬಿದ್ದರು. ಅದು ಹೋಗಲಿ. ಪ್ಲಾಸ್ಟರಿನ ತುದಿಯಲ್ಲಿ ಬೆರಳುಗಳು ಮಾತ್ರ ಹೊರಗಿದ್ದವು. ನಾನು ಮಲಗಿದ್ದೆ, ನನಗೆ ಕಾಣುತ್ತಿರಲಿಲ್ಲ. ನೀನು ದಿನಾ ಮಂಚದ ಮೇಲೆ ನನ್ನ ಕಾಲ ಕಡೆಗೇ ಕೂರುತ್ತಿದ್ದೆ. ಆ ಬೆರಳುಗಳ ಬಣ್ಣ ಹೇಗಿತ್ತು, ಅಣ್ಣ?