ನಮ್ಮ ಹಗೇವು

ಪೂರಿಗಾಲಿ, ಭಾನುವಾರ

ಅಪ್ಪನಿಗೆ ವನಜಾಳ ನಮಸ್ಕಾರ.

ಶುಕ್ರವಾರ ನಮ್ಮ ಹಗೇವು ತೆಗೆಯುತ್ತೇವೆ. ಹುರಿಹಿಟ್ಟು ಮಾರಲು ಹೊರಟವಳು ಗುತ್ತಿಗೆ ಹೊಲದ ರಾಗಿಯನ್ನೆಲ್ಲ ನೆಲದೊಳಗಿನ ಈ ಕಣಜಕ್ಕೆ ತುಂಬಿ ಮುಚ್ಚಿದಾಗ, "ಯಾಪಾರ ಮಾಡ್ತೀನಿ ಅಂದೋಳು ರಾಗಿ ಊಳ್ತಾವ್ಳೆ ಕಣ್ಲಾ" ಎಂದು ಬೀದಿಯೇ ನಕ್ಕಿತ್ತು. ಹಳೇ ರಾಗಿಯ ರುಚಿಯೇ ಬೇರೆ ಎಂದು ನೀನು ಹೇಳಿದ್ದಕ್ಕೆ, ಎರಡು ವರ್ಷ ಕೂಲಿ ಮಾಡಿಕೊಂಡೇ ಕಾದೆ. ಈಗ ಮಂಡ್ಯದ ಅಂಗಡಿಯವರು ಮೊದಲ ಹಿಟ್ಟು ತಮಗೇ ಬೇಕೆನ್ನುತ್ತಿದ್ದಾರೆ. ಈ ವರ್ಷದ ರಾಗಿಗೆ ಇನ್ನೊಂದು ಹಗೇವು ತೋಡಿಸಿದ್ದೇನೆ.

ಬೆಳಗಿನ ಬಸ್ಸಿಗೇ ಬಾ. ಬಿಳಿ ಅಂಗಿ ಹಾಕಿಕೊಂಡು ಬಾ. ಕೆಟ್ಟ ಗಾಳಿ ಹೋಗಿದೆಯೇ ಎಂದು ದೀಪ ಇಳಿಸಿ ನೋಡುವುದು ನಿನ್ನ ಕೆಲಸ. ಊರವರ ಹಗೇವಿಗೆಲ್ಲ ನೀನು ಇಳಿದಿದ್ದು ಸಾಕು. ಇದಕ್ಕೆ ನಾನು ಇಳಿಯುತ್ತೇನೆ. ನೀನು ಮೇಲೆ ನಿಂತಿರು, ರಾಗಿಯ ಯಜಮಾನರು ನಿಲ್ಲುವ ಜಾಗದಲ್ಲಿ.

ದಾರಿ ನೋಡುತ್ತಿರುವ ಮಗಳು,
ವನಜಾ